ಸೂರ್ಬೆಕ್‌ನ ಸಿಂಪಿ ಟೀಚರಮ್ಮ

ಡಿಸೆಂಬರ್ ಹದಿನೇಳು, ಬುಧವಾರ, ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇರುವಾಗ ರೆಜೀನ್ ಒಸೂಫ್ ತನ್ನ ತೊಟ್ಟಿಯ ಕಟ್ಟೆಯ ಮೇಲೆ ಮಂಡಿಯೂರಿ, ಕೈಗವಸು ಕಳಚಿ, ಉಬ್ಬರದ ನೀರಿಗೆ ತೋರುಬೆರಳು ಅದ್ದಿ ನೆಕ್ಕಿದಳು. ಇನ್ನೂ ಕತ್ತಲೆಯೇ ಇತ್ತು. ಮೂರು ದಿನ ಬಿಡದೆ ಸುರಿದ ಮಳೆ ಬೆಳಗಿನ ಜಾವ ನಿಂತಿತ್ತು. ಮಳೆನೀರು ಬೆರೆತು ಉಪ್ಪು ಕಮ್ಮಿಯಾಗಿದೆಯೇನೋ ಎಂಬುದೊಂದೇ ಅವಳ ಅನುಮಾನ. ಉಪ್ಪು ಸಾಕಷ್ಟಿತ್ತು. ಎದ್ದು ನಿಂತು ತೂಬಿನ ಹಲಗೆಯನ್ನು ಎರಡೂ ಕೈಯಿಂದ ಮೇಲಕ್ಕೆಳೆದಳು. ಸಮುದ್ರ ಒಳಗೆ ನುಗ್ಗಿತು.

ತೊಟ್ಟಿಯಲ್ಲಿ ನಾಲ್ಕು ಸಾವಿರ ಡಜನ್ ಸಿಂಪಿಗಳಿದ್ದವು. ಭಾನುವಾರದ ಇಳಿತದಲ್ಲಿ ಕೊಲ್ಲಿಯಿಂದ ತಂದದ್ದು, ಎಲ್ಲವೂ ಕ್ರಿಸ್‌ಮಸ್‌ಗೆ. ಅವಳ ವರ್ಷದ ವ್ಯಾಪಾರದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಹತ್ತು ದಿನಗಳದ್ದೇ.

ಹಿಂದಿನ ಸಂಜೆ ತೊಟ್ಟಿಯನ್ನು ಬರಿದು ಮಾಡಿದವಳೂ ಅವಳೇ. ಅದು ಸಿಂಪಿಗಳಿಗೆ ಕೊಡುವ ಪಾಠದ ಕೊನೆಯ ಸರದಿ. ಸದಾ ನೀರಿನಲ್ಲಿ ಬೆಳೆದ ಸಿಂಪಿಯನ್ನು ಮೇಲಕ್ಕೆ ತಂದರೆ ಅದು ಸ್ವಲ್ಪ ಹೊತ್ತಿಗೆಲ್ಲ ಚಿಪ್ಪು ಸಡಿಲಿಸುತ್ತದೆ. ಒಳಗಿನ ನೀರು ಸೋರಿಹೋಗಿ ಮೂರು ದಿನದೊಳಗೆ ಸಾಯುತ್ತದೆ. ಜೀವಂತ ಇರುವಾಗ ಹಸಿಯಾಗಿಯೇ ತಿನ್ನುವ ಪದಾರ್ಥ ಅದು. ಸತ್ತದ್ದು ಯಾರಿಗೂ ಬೇಡ. ಹಾಗಾಗಿ ನೀರಿಲ್ಲದ ಹೊತ್ತನ್ನು ಚಿಪ್ಪು ಬಿಗಿಹಿಡಿದು ಕಳೆಯುವುದನ್ನು ಅದಕ್ಕೆ ಕಲಿಸಬೇಕು. ಮೊದಲು ಎರಡು ಗಂಟೆ ಒಣಗಲು ಬಿಟ್ಟು ಮತ್ತೆ ನೀರು ಹಾಯಿಸುವುದು, ಆಮೇಲೆ ಆರು ಗಂಟೆ, ಆಮೇಲೆ ಇಡೀ ರಾತ್ರಿ. ಪ್ರತಿ ಸಲವೂ ಹೊಸ ಉಬ್ಬರದ ತಾಜಾ ನೀರೇ ಆಗಬೇಕು. ರೆಜೀನ್‌ಗೆ ಇದನ್ನು ಹೇಳಿಕೊಟ್ಟವಳು ಅವಳ ಅತ್ತೆ. ಈಗ ಈ ಕೊಲ್ಲಿಯಲ್ಲಿ ಇದನ್ನು ಮಾಡುವವಳು ಅವಳೊಬ್ಬಳೇ. ತಂಪು ಲಾರಿಗಳಿರುವಾಗ ಇದೆಲ್ಲ ಯಾಕೆ ಎನ್ನುತ್ತಾರೆ ಉಳಿದವರು. ಪಕ್ಕದ ತೊಟ್ಟಿಯ ಲುದೊವಿಕ್ ಅಮೆಲ್ ಅವಳನ್ನು ಕರೆಯುವುದೇ ಟೀಚರಮ್ಮ ಎಂದು.

"ಏನ್ ಟೀಚರಮ್ಮ, ಈ ಸಲ ಎಷ್ಟ್ ಜನ ಪಾಸು?" ಎಂದು ಸೋಮವಾರ ಕೇಳಿದ್ದ.

"ನಿನ್ನೊಬ್ಬನ್ನ ಬಿಟ್ಟು ಎಲ್ರೂ," ಎಂದಿದ್ದಳು.

ರೆಜೀನ್ ಹುಟ್ಟಿದ್ದು ದಂಡೆಯಲ್ಲಲ್ಲ, ಅಲ್ಲಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಸೂರ್ಬೆಕ್‌ನಲ್ಲಿ. ಎರಡು ಸಾವಿರದ ಮುನ್ನೂರು ಜನ, ಒಂದು ಇಗರ್ಜಿ, ಎರಡು ಬೇಕರಿ, ಒಂದು ಔಷಧಿ ಅಂಗಡಿ, ಹೊಳೆಯ ತಿರುವಿನಲ್ಲಿ ವೃದ್ಧಾಶ್ರಮ. ಸಮುದ್ರ ಎಲ್ಲಿ ಎಂದು ಕೇಳಿದರೆ ಅಲ್ಲಿಯ ಜನ ಪಶ್ಚಿಮದ ಕಡೆ ಕೈ ತೋರಿಸುತ್ತಾರೆ, ಬೇರೆ ಯಾರದೋ ಮನೆ ತೋರಿಸುವ ಹಾಗೆ. ಬೆಣ್ಣೆ, ಕರು, ಸೇಬಿನ ಮದ್ಯದಲ್ಲಿ ಬದುಕಿಕೊಂಡ ಊರು ಅದು. ಸಮುದ್ರ ನೆನಪಾಗುವುದು ಕ್ರಿಸ್‌ಮಸ್ ಊಟಕ್ಕೆ ಸಿಂಪಿ ಬೇಕಾದಾಗ. ರೆಜೀನ್‌ಳ ಅಪ್ಪ ಅಲ್ಲಿಯ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅವಳು ಸಿಂಪಿ ಬೆಳೆಯುವ ಜೆರ್ವೇಯನ್ನು ಮದುವೆಯಾದಾಗ ಊರಿನವರು 'ಕೆಸರಿಗೆ ಹೋದಳು' ಎಂದರು. ಈಗ ಅವಳಿಗೆ ಐವತ್ತೆಂಟು. ಜೆರ್ವೇಯ ಸೊಂಟಕ್ಕೆ ಎರಡು ಸಲ ಶಸ್ತ್ರಚಿಕಿತ್ಸೆಯಾಗಿದ್ದು, ಆರು ವರ್ಷದಿಂದ ಅವನು ಕೊಲ್ಲಿಗೆ ಇಳಿದಿಲ್ಲ. ಇಳಿತದ ಹೊತ್ತಿಗೆ ಟ್ರಾಕ್ಟರ್ ಓಡಿಸಿಕೊಂಡು ಹೋಗಿ, ಕಬ್ಬಿಣದ ಮಂಚಗಳ ಮೇಲೆ ಸಿಂಪಿ ಬೆಳೆಯುವ ಬಲೆಚೀಲಗಳನ್ನು ಮಗುಚಿ, ಒದರಿ, ಹೇರಿ ತರುವುದೆಲ್ಲ ಅವಳೊಬ್ಬಳ ಕೆಲಸ.

ಶನಿವಾರದ ಸಂತೆಯಲ್ಲಿ, ಚೀಸ್ ಮಾರುವವನಿಗೂ ಕೋಳಿ ಸುಡುವ ವ್ಯಾನಿಗೂ ನಡುವೆ ಅವಳ ಜಾಗ. ಹದಿಮೂರರ ಸಂತೆಯಲ್ಲಿ ಕ್ರಿಸ್‌ಮಸ್‌ನ ಬೇಡಿಕೆಯೆಲ್ಲ ಬಾಯಿಮಾತಿನಲ್ಲೇ ಗೊತ್ತಾಗಿತ್ತು. ಊರಿನ ಗ್ರಂಥಾಲಯ ನೋಡಿಕೊಂಡಿದ್ದು ನಿವೃತ್ತರಾದ ಎಂಬತ್ತನಾಲ್ಕರ ಮದಾಂ ತಿಫೇನ್ ಎಂದಿನ ಹಾಗೆ ಆರು ಡಜನ್ ಹೇಳಿದ್ದರು.

"ಇಪ್ಪತ್ತನೇ ತಾರೀಕೇ ಒಯ್ತೀನಿ ಮಗಳೇ. ಇಪ್ಪತ್ನಾಲ್ಕರ ನೂಕುನುಗ್ಗಲು ನನ್ ಕೈಲಾಗಲ್ಲ. ನಿನ್ನವು ಕಿಟಕಿ ಕಟ್ಟೆ ಮೇಲೆ ನಾಲ್ಕ್ ದಿನ ಇಟ್ರೂ ಒಂದ್ ಹನಿ ಚೆಲ್ಲಲ್ಲ."

"ಹತ್ತು ದಿನ ಇಡಿ ಮದಾಂ, ಬೇಕಾದ್ರೆ."

"ಹತ್ತು ದಿನ ಅವು ಇರ್ತವೆ. ನಾನಿರ್ಬೇಕಲ್ಲ."

ಆ ಸಂತೆ ಮುಗಿದ ಮರುದಿನದಿಂದ ಊರಿಗೆ ವಾಂತಿಭೇದಿ ಹಿಡಿಯಿತು. ಚಳಿಗಾಲದಲ್ಲಿ ಬಂದು ಹೋಗುವಂಥದ್ದೇ, ಈ ಸಲ ಒಟ್ಟಿಗೆ ಎಲ್ಲರನ್ನೂ ಹಿಡಿದಿತ್ತು. ಶಾಲೆಯಲ್ಲಿ ಅರ್ಧ ಬೆಂಚು ಖಾಲಿ. ವೃದ್ಧಾಶ್ರಮದಲ್ಲಿ ಭೇಟಿ ಬಂದ್. ಔಷಧಿ ಅಂಗಡಿಯ ಮುಂದಿನ ಸಾಲಿನಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. "ನಿಮ್ಮನೇಲೂನಾ?" "ನಮ್ಮನೇಲಿ ಪಾಯಿಖಾನೆಗೆ ಪಾಳಿ ಹಾಕಿದೀವಿ, ರಜಾದಿನದ ಟೆನಿಸ್ ಅಂಗಳದ ಹಾಗೆ."

ಇದರ ನಡುವೆ ಮಳೆ. ಊರಿನ ಕೊಳಚೆಯೆಲ್ಲ ಸೇರುವುದು ಹೊಳೆಯ ಪಕ್ಕದ ಶುದ್ಧೀಕರಣ ಘಟಕಕ್ಕೆ. ಮಂಗಳವಾರ ಮಧ್ಯರಾತ್ರಿ ದಾಟಿದ ಮೇಲೆ ಚರಂಡಿಗಳಿಗೆ ನುಗ್ಗಿದ ಮಳೆನೀರನ್ನು ಅಲ್ಲಿಯ ಪಂಪುಗಳಿಗೆ ಎಳೆಯಲಾಗಲಿಲ್ಲ. ಅಂಥ ಹೊತ್ತಿಗೆಂದೇ ಇಟ್ಟ ಬಾಗಿಲೊಂದು ತಾನೇ ತೆರೆದುಕೊಂಡು, ಉಳಿದದ್ದನ್ನು ಕೊಲ್ಲಿಗೆ ಸೇರುವ ಆ ಹೊಳೆಗೆ ಬಿಟ್ಟಿತು. ಯಾವ ಕೊಳವೆಯೂ ಒಡೆದಿರಲಿಲ್ಲ, ಯಾವ ನೌಕರನೂ ನಿದ್ದೆ ಮಾಡಿರಲಿಲ್ಲ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಪುರಸಭೆಯವರು ನಿಯಮದಂತೆ ಮೇಲಕ್ಕೆ ತಿಳಿಸಿದರು. ಜಿಲ್ಲೆಯ ಸಮುದ್ರ ಕಚೇರಿಯಲ್ಲಿ ಅದನ್ನು ಓದಿ, ಯಾರದೋ ಸಹಿ ಪಡೆದು, ಸಿಂಪಿ ಬೆಳೆಗಾರರ ಮೊಬೈಲುಗಳಿಗೆ ಸಂದೇಶ ಕಳಿಸುವಾಗ ಹನ್ನೊಂದಕ್ಕೆ ಎಂಟು ನಿಮಿಷ ಇತ್ತು. ಅಷ್ಟು ಹೊತ್ತಿಗೆ ರೆಜೀನ್ ತೂಬು ಎತ್ತಿ ಮೂರು ಗಂಟೆಯಾಗಿತ್ತು.

ಹನ್ನೊಂದೂಕಾಲಿಗೆ ಲುದೊವಿಕ್ ಓಡಿಬಂದ. ನಲವತ್ತರ ಆಸುಪಾಸಿನ ಭಾರಿ ಮನುಷ್ಯ, ಓಡುವುದು ಅವನ ಅಭ್ಯಾಸವಲ್ಲ.

"ಮೊಬೈಲ್ ನೋಡ್ದ್ಯಾ?"

"ವ್ಯಾನಲ್ಲಿದೆ. ಯಾಕೆ, ಹೆಂಡ್ತಿ ಮತ್ತೆ ಓಡ್ಸಿದ್ಳಾ?"

"ತಮಾಷೆ ಬಿಡು ರೆಜೀನ್. ಕೊಲ್ಲಿ ಮುಚ್ಚಿದಾರೆ. ನಿನ್ನೆ ರಾತ್ರಿ ಹನ್ನೆರಡರಿಂದ ಲೆಕ್ಕ. ಊರಿನ ಕೊಳಚೆ ಹೊಳೆಗೆ ಬಿದ್ದಿದೆ, ಆ ವಾಂತಿಭೇದಿ ಸಮೇತ. ಇಪ್ಪತ್ತೆಂಟು ದಿನ ಒಂದು ಸಿಂಪಿನೂ ಮಾರೋಹಾಗಿಲ್ಲ."

ರೆಜೀನ್ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು.

"ನಮಗೇನ್ ಆಗಲ್ಲ ಬಿಡು," ಎಂದ ಲುದೊವಿಕ್, ಉಸಿರು ಎಳೆದುಕೊಳ್ಳುತ್ತ. "ನೀನೂ ನಾನೂ ಭಾನುವಾರವೇ ತಂದಿದ್ವಲ್ಲ. ಮೊದಲೇ ತೊಟ್ಟಿಗೆ ತಂದು, ಹಳೇ ನೀರಲ್ಲೇ ಇಟ್ಟಿರೋದನ್ನ ಮಾರಬಹುದಂತೆ. ನಾನಂತೂ ಸೋಮವಾರದಿಂದ ತೂಬು ಮುಟ್ಟಿಲ್ಲ. ಈ ಮಳೇಲಿ ಯಾವನ್ ಎದ್ದು..."

ಅವನ ಮಾತು ಅಲ್ಲಿಗೇ ನಿಂತಿತು. ಎದುರಿಗೆ ತೊಟ್ಟಿ ಅಂಚಿನವರೆಗೆ ತುಂಬಿತ್ತು. ಬೆಳಿಗ್ಗೆ ಕೆಂಪಗೆ ಒಳಬಂದ ನೀರನ್ನು ಸಿಂಪಿಗಳು ಮೂರು ಗಂಟೆ ಸೋಸಿ ಸೋಸಿ ತಳ ಕಾಣುವಷ್ಟು ತಿಳಿಯಾಗಿಸಿದ್ದವು.

"ನೀರು ಬಿಟ್ಯಾ?"

"ಎಂಟಕ್ಕೆ ಹತ್ತು ನಿಮಿಷ ಇರೋವಾಗ."

"ಅಯ್ಯೋ ಟೀಚರಮ್ಮ."

ಲುದೊವಿಕ್ ತಗ್ಗಿದ ದನಿಯಲ್ಲಿ, "ನಾನೇನೂ ನೋಡಿಲ್ಲ. ನಾನಿಲ್ಲಿಗೆ ಬಂದೇ ಇಲ್ಲ," ಎಂದು ಹೇಳಿ, ಬಂದದ್ದಕ್ಕಿಂತ ನಿಧಾನವಾಗಿ ಹಿಂತಿರುಗಿದ.

ಮನೆಯಲ್ಲಿ ಜೆರ್ವೇ ಊಟದ ಮೇಜಿನ ಮುಂದೆ ದಿಂಬಿಗೆ ಒರಗಿ ಕೂತಿದ್ದ. ಸಂದೇಶ ಅವನ ಮೊಬೈಲಿಗೂ ಬಂದಿತ್ತು. ಹೆಂಡತಿ ಹೇಳಿದ್ದನ್ನು ಕೇಳಿ ಮೊದಲು ಅವನಿಗೆ ತೋಚಿದ್ದು ಎಲ್ಲರಿಗೂ ತೋಚುವಂಥದ್ದೇ.

"ಈಗಲೇ ಆ ನೀರು ತೆಗೆದುಬಿಟ್ರೆ?"

"ತೆಗೆದು ಏನ್ ತುಂಬ್ಸೋದು, ಅದೇ ಸಮುದ್ರ ತಾನೆ? ಅಲ್ದೆ ಅವು ಆಗ್ಲೇ ಕುಡಿದಾಯ್ತು ಜೆರ್ವೇ. ಒಂದೊಂದೂ ಗಂಟೆಗೆ ಐದೈದು ಲೀಟರ್ ಕುಡಿಯುತ್ತೆ. ಹೊಟ್ಟೆಗೆ ಸೇರಿದ್ದು ವಾರಗಟ್ಟಲೆ ಅಲ್ಲೇ ಇರತ್ತೆ."

"ಸೇರಿದೆ ಅಂತ ಹೇಗ್ ಗೊತ್ತು? ಹೊಳೆ ನೀರು ಆ ಕಡೆ ದಂಡೆಗೂ ಹೋಗಿರಬಹುದು."

"ಸೇರಿಲ್ಲ ಅಂತ ಹೇಗ್ ಗೊತ್ತು?"

ಇಬ್ಬರಿಗೂ ಗೊತ್ತಿರಲಿಲ್ಲ. ನೋಡಿದರೆ ತಿಳಿಯುವಂಥದ್ದಲ್ಲ, ಮೂಸಿದರೂ ತಿಳಿಯುವುದಿಲ್ಲ. ಅವಳು ಬೆಳಿಗ್ಗೆ ನೆಕ್ಕಿ ನೋಡಿದ ನೀರು ಅದೇ ಆಗಿತ್ತು, ಅವಳಿಗೇನೂ ಆಗಿರಲಿಲ್ಲ. ಪ್ರಯೋಗಾಲಯದ ವರದಿ ಕ್ರಿಸ್‌ಮಸ್‌ಗೆ ಮುಂಚೆ ಬರುವ ಮಾತೇ ಇರಲಿಲ್ಲ.

ಶುಕ್ರವಾರ ಕಚೇರಿಯಿಂದ ಪರಿಶೀಲನೆಗೆ ಬರುತ್ತಾರೆ ಎಂದು ಎರಡನೆಯ ಸಂದೇಶ ಬಂತು. ತೊಟ್ಟಿಗಳನ್ನು ನೋಡಿ, ಬೆಳೆಗಾರರನ್ನು ಕೇಳಿ, ಮಾರಬಹುದಾದವರಿಗೆ ಕಾಗದ ಕೊಡುತ್ತಾರೆ. ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಗಂಡ ಹೆಂಡತಿ ಒಂದು ತೀರ್ಮಾನಕ್ಕೆ ಬಂದರು. ತೀರ್ಮಾನ ಎನ್ನುವುದಕ್ಕಿಂತ, ಜೆರ್ವೇ ಹೇಳಿದ, ಅವಳು ಬೇಡವೆನ್ನಲಿಲ್ಲ.

"ಒಂದೇ ಮಾತು. 'ಸೋಮವಾರದಿಂದ ಬದಲಾಯಿಸಿಲ್ಲ.' ಅಷ್ಟು ಹೇಳಿ ಸುಮ್ನಾಗು. ವಿವರಿಸೋಕೆ ಹೋಗ್ಬೇಡ. ನೀನು ವಿವರಿಸೋಕೆ ಶುರು ಮಾಡಿದ್ರೆ ನಮ್ಮಪ್ಪನ ಕಾಲದಿಂದ ಬರ್ತೀಯ."

"ನಿಮ್ಮಮ್ಮನ ಕಾಲದಿಂದ."

"ನೋಡು, ಶುರುವಾಯ್ತು."

ಅವಳು ಪಾತ್ರೆ ತೊಳೆಯುವಾಗ ಆ ಮಾತನ್ನು ಎರಡು ಮೂರು ಸಲ ಮನಸ್ಸಿನಲ್ಲಿ ಹೇಳಿಕೊಂಡಳು. ಸೋಮವಾರದಿಂದ ಬದಲಾಯಿಸಿಲ್ಲ. ಸುಲಭದ ಮಾತು. ಅದರ ಬೆನ್ನಿಗೇ ಮದಾಂ ತಿಫೇನ್‌ರ ಮುಖ ಬರುತ್ತಿತ್ತು. ಅವರ ಮನೆಯಲ್ಲಿ ಕ್ರಿಸ್‌ಮಸ್ ರಾತ್ರಿ ಹದಿನಾಲ್ಕು ಜನ ಊಟಕ್ಕೆ ಕೂರುತ್ತಾರೆ. ಆದರೆ ಆ ವಾಂತಿಭೇದಿ ಈ ವಾರ ಅವರ ಮನೆಯಲ್ಲೂ ಆಗಿಹೋಗಿರಬಹುದು. ಒಂದು ಸಲ ಬಂದವರಿಗೆ ಕೂಡಲೇ ಮತ್ತೆ ಬರುವುದಿಲ್ಲ ಎನ್ನುತ್ತಾರೆ. ಹಾಗೆಂದು ಯಾರು ಹೇಳಿದ್ದು ಎಂದು ನೆನಪಿಸಿಕೊಳ್ಳಲು ಅವಳು ಬಹಳ ಹೊತ್ತು ಪ್ರಯತ್ನಿಸಿದಳು.

ಶುಕ್ರವಾರ ಹತ್ತು ಗಂಟೆಗೆ ಮದಾಂ ಕೆನೆಲ್ ಬಂದರು. ಸಮುದ್ರ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದವರು, ಬೆಳೆಗಾರರ ಹೆಸರನ್ನೂ ಅವರ ಟ್ರಾಕ್ಟರುಗಳ ವಯಸ್ಸನ್ನೂ ಬಲ್ಲವರು. ಉದ್ದ ಬೂಟು ಹಾಕಿಕೊಂಡು ಒಂದೊಂದೇ ತೊಟ್ಟಿ ನೋಡುತ್ತ ಬಂದು, ಲುದೊವಿಕ್‌ನ ಬಳಿ ಐದು ನಿಮಿಷವೂ ನಿಲ್ಲಲಿಲ್ಲ. ಅವನು ಕಾಗದವನ್ನು ಮಡಿಸಿ ಎದೆಯ ಜೇಬಿಗೆ ಹಾಕಿಕೊಳ್ಳುವುದು ರೆಜೀನ್‌ಗೆ ಕಾಣಿಸಿತು.

"ಬೊಂಜೂರ್ ಮದಾಂ ಒಸೂಫ್. ಜೆರ್ವೇ ಹೇಗಿದಾರೆ?"

"ಕೂತಲ್ಲೇ ರಾಜ್ಯಭಾರ."

"ಒಳ್ಳೇದು." ಮದಾಂ ಕೆನೆಲ್ ಹಲಗೆಗೆ ಸಿಕ್ಕಿಸಿದ ಹಾಳೆಯನ್ನು ತಿರುಗಿಸಿದರು. "ನೋಡಿ, ಬೆಳಿಗ್ಗೆಯಿಂದ ಏಳು ತೊಟ್ಟಿ ನೋಡಿದೆ. ಯಾರೂ ನೀರು ಬದಲಾಯಿಸಿಲ್ಲ ಅಂದ್ರು. ಮಳೆ ಅಲ್ವಾ, ಯಾರೂ ಹೊರಗೆ ಬಂದಿಲ್ಲ. ನೀವು ಭಾನುವಾರ ತಂದಿದ್ದೀರಿ?"

"ಭಾನುವಾರ. ಮಧ್ಯಾಹ್ನದ ಇಳಿತದಲ್ಲಿ."

"ಅದಾದ್ಮೇಲೆ ಸೋಮವಾರದಿಂದ ನೀವೂ ಬದಲಾಯಿಸಿಲ್ಲ."

ಅದು ಪ್ರಶ್ನೆಯಾಗಿರಲಿಲ್ಲ. ತಲೆಯಾಡಿಸಿದರೆ ಸಾಕಿತ್ತು. ರೆಜೀನ್ ತಲೆಯಾಡಿಸಿದಳು ಕೂಡ, ಅಥವಾ ಹಾಗೆಂದು ಅವಳಿಗೆ ಈಗ ನೆನಪು. ಮದಾಂ ಕೆನೆಲ್ ಗುರುತು ಹಾಕಲು ಹಾಳೆಗೆ ಪೆನ್ನು ಊರಿ, ತೊಟ್ಟಿಯ ಕಡೆ ಒಮ್ಮೆ ನೋಡಿ, ಬರೆಯುತ್ತಲೇ ಮಾತಿಗೆಂದು ಹೇಳಿದರು:

"ಪಾಪ, ಐದು ದಿನದ ನೀರಲ್ಲಿ ನೆನೀತಾ ಇದಾವೆ."

"ಐದು ದಿನದ ನೀರಾ?" ರೆಜೀನ್‌ಳ ದನಿ ಪಕ್ಕದ ತೊಟ್ಟಿಗೂ ಕೇಳಿಸಿತು. "ನನ್ ತೊಟ್ಟಿಯಲ್ಲಾ? ಮೂವತ್ತೈದು ವರ್ಷದಲ್ಲಿ ಒಂದ್ ದಿನ ಕೂಡ ನನ್ ಸಿಂಪಿ ಹಳಸಿದ ನೀರಲ್ಲಿ ಬಿದ್ದಿಲ್ಲ ಮದಾಂ. ಅದು ಲುದೊವಿಕ್ ಮಾಡೋ ಕೆಲಸ. ಇಡೀ ರಾತ್ರಿ ಒಣಗಿಸಿದ ಮೇಲೆ ಹೊಸ ಉಬ್ಬರ ಕೊಡ್ದೆ ಇರ್ತಾರಾ ಯಾರಾದ್ರೂ? ಬುಧವಾರ ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇರೋವಾಗ ನಾನೇ, ಈ ಕೈಯಲ್ಲೇ..."

ಪೆನ್ನು ನಿಂತಿತು. ಪಕ್ಕದ ತೊಟ್ಟಿಯ ಬಳಿ ಲುದೊವಿಕ್ ಎರಡೂ ಕೈಯಿಂದ ತಲೆ ಹಿಡಿದುಕೊಂಡ.

ಮದಾಂ ಕೆನೆಲ್ ಹಲಗೆಯನ್ನು ಕೆಳಗಿಳಿಸಿದರು.

"ಮದಾಂ ಒಸೂಫ್, ಇದನ್ನ ಯಾಕ್ ಹೇಳಿದ್ರಿ ನೀವು?"

"ಗೊತ್ತಿಲ್ಲ."

"ನಾನು ಕೇಳಿರಲಿಲ್ಲ."

"ಹೌದು. ನೀವು ಕೇಳಿರಲಿಲ್ಲ."

"ಈಗ ಕೇಳಿಸ್ಕೊಂಡಾಯ್ತು. ಕೇಳಿಸ್ಕೊಂಡಿದ್ದನ್ನ ನಾನು ಬರೀಲೇಬೇಕು. ಬರೀದೆ ಇದ್ದು ನಾಳೆ ಯಾರಿಗಾದ್ರೂ ಏನಾದ್ರೂ ಆದ್ರೆ..." ಅವರು ಹಾಕಿದ್ದ ಗುರುತನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ ಸಮಯ ಬರೆದು, ಹಲಗೆಯನ್ನು ರೆಜೀನ್‌ಳ ಕಡೆ ಹಿಡಿದರು. ಅವಳು ಸಹಿ ಮಾಡಿದಳು. ಕೈ ಒದ್ದೆಯಾಗಿತ್ತು, ಹಾಳೆಯ ಮೂಲೆ ನೆನೆಯಿತು.

"ನಿಮ್ಮ ತಪ್ಪೇನಿಲ್ಲ," ಎಂದರು ಮದಾಂ ಕೆನೆಲ್.

"ಹಾಗಾದ್ರೆ ಯಾರದು?"

ಮದಾಂ ಕೆನೆಲ್ ಪ್ರಾಮಾಣಿಕವಾಗಿ ಯೋಚಿಸಿದರು. ಮೂರು ದಿನದಿಂದ ಎಲ್ಲರೂ ಅವರನ್ನು ಕೇಳುತ್ತಿದ್ದುದು ಅದೇ. ಕೊನೆಗೆ ಪರಿಹಾರದ ಅರ್ಜಿ ಇರುತ್ತದೆಂದೂ, ಮಾರ್ಚ್ ತಿಂಗಳಲ್ಲಿ ಅದನ್ನು ನೋಡುತ್ತಾರೆಂದೂ ಹೇಳಿ, ಮುಂದಿನ ತೊಟ್ಟಿಗೆ ಹೋದರು.

ಮನೆಗೆ ಬಂದಾಗ ಜೆರ್ವೇ ಬಾಗಿಲ ಕಡೆಯೇ ಮುಖ ಮಾಡಿ ಕೂತಿದ್ದ.

"ಹೇಳಿದ್ಯಾ?"

"ಹೇಳ್ಬಿಟ್ಟೆ."

"ಒಂದೇ ಮಾತಲ್ವಾ?"

"ಅಲ್ಲ. ಗಂಟೆ ನಿಮಿಷ ಎಲ್ಲಾ ಸೇರಿಸಿ."

ಜೆರ್ವೇ ಅವಳನ್ನು ನೋಡಿದ. "ಐದು ದಿನದ ನೀರು ಅಂದ್ರು," ಎಂದಳು ರೆಜೀನ್, ಅಷ್ಟರಿಂದಲೇ ಎಲ್ಲ ಅರ್ಥವಾಗಬೇಕು ಎನ್ನುವ ಹಾಗೆ. ಅರ್ಥವಾಯಿತು. ಅವನೂ ಅವಳ ಜೊತೆ ಆ ತೊಟ್ಟಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದವನೇ.

ಶನಿವಾರ ಅವಳು ಸಂತೆಗೆ ಹೋದಳು. ಬಾಯಿಮಾತಿನಲ್ಲಿ ಒಪ್ಪಿಕೊಂಡದ್ದನ್ನು ಬಾಯಿಮಾತಿನಲ್ಲೇ ಹೇಳಿ ಮುಗಿಸಬೇಕಿತ್ತು. ಚೀಸ್‌ನವನಿಗೂ ಕೋಳಿ ವ್ಯಾನಿಗೂ ನಡುವೆ ಮೇಜು ಹಾಕಿ, ಅದರ ಮೇಲೆ ಏನೂ ಇಡದೆ ಹಿಂದೆ ನಿಂತಳು. ಲುದೊವಿಕ್ ಎದುರು ಸಾಲಿನಲ್ಲಿದ್ದ. ಅವನ ಮುಂದಿನ ಜನ ಇಗರ್ಜಿಯ ಮೆಟ್ಟಿಲವರೆಗೆ ನಿಂತಿದ್ದರು. ಹತ್ತು ಗಂಟೆಗೆ ಅವನು ಎರಡು ಬುಟ್ಟಿ ಎತ್ತಿಕೊಂಡು ಈಚೆ ಬಂದ.

"ತಗೋ. ನಿನ್ ಮೇಜಿನ ಮೇಲಿಡು. ಬಂದಿದ್ರಲ್ಲಿ ಅರ್ಧರ್ಧ."

"ಬೇಡ ಲುದೊ. ನಿನ್ನವು ಮಂಗಳವಾರಕ್ಕೆ ಚಿಪ್ಪು ಬಿಡ್ತವೆ. ಆಮೇಲೆ ರೆಜೀನ್ ಹತ್ರ ತಂದಿದ್ದು ಅಂತಾರೆ."

"ಈಗಲೂ ಅದೇನಾ? ಈಗಲೂ?" ಲುದೊವಿಕ್‌ಗೆ ಸಿಟ್ಟು ಬಂದಿತ್ತು. "ಆ ಹೆಂಗಸು ಬರ್ಕೊಂಡಾಗಿತ್ತು ಮಾರಾಯ್ತಿ. ಪೆನ್ನು ಹಾಳೆ ಮೇಲಿತ್ತು. ಅಷ್ಟರಲ್ಲಿ ನನ್ನ ಹೆಸರು ಬೇರೆ ಎಳ್ಕೊಂಡು..."

"ತಪ್ಪಾಯ್ತು. ಹೋಗು, ಜನ ಕಾಯ್ತಿದಾರೆ."

ಬಂದವರೆಲ್ಲರಿಗೂ ಅವಳು ಈ ಸಲ ಸಿಂಪಿ ಇಲ್ಲವೆಂದೂ ಯಾಕೆ ಇಲ್ಲವೆಂದೂ ಹೇಳಿದಳು. ಕೆಲವರು ಪುರಸಭೆಯನ್ನು ಬೈದರು. ಕೆಲವರು ಮಳೆಯನ್ನು ಬೈದರು. ಬೇಕರಿಯವನು, "ಅಂದ್ರೆ ನಾವ್ ಹೋಗಿದ್ದು ನಮ್ ತಟ್ಟೆಗೇ ವಾಪಸ್ ಬರ್ತಿತ್ತು ಅನ್ನು," ಎಂದು ನಕ್ಕು, ಅವಳ ಮುಖ ನೋಡಿ ನಗು ನಿಲ್ಲಿಸಿದ. ಮದಾಂ ತಿಫೇನ್ ಹನ್ನೊಂದಕ್ಕೆ ಬಂದರು, ಕೈಯಲ್ಲಿ ಬೆತ್ತದ ಬುಟ್ಟಿ. ವಾರದಲ್ಲಿ ಅವರು ಇನ್ನಷ್ಟು ಸಣ್ಣಗಾಗಿದ್ದರು.

"ಸೋಮವಾರದಿಂದ ಬುಧವಾರದವರೆಗೆ ನನಗೂ ಬಂದಿತ್ತು ಮಗಳೇ. ಹಾಗಾದ್ರೆ ಅದ್ರಲ್ಲಿ ನನ್ನ ಪಾಲೂ ಇದೆ."

"ಎಲ್ಲರ ಪಾಲೂ ಇದೆ ಮದಾಂ."

"ನನಗೆ ಕೊಡು. ನನಗೆ ಬಂದು ಹೋಯ್ತಲ್ಲ, ಇನ್ನೇನಾಗತ್ತೆ?"

"ಕೊಡೋ ಹಾಗಿಲ್ಲ. ಲುದೊವಿಕ್ ಹತ್ರ ತಗೊಳ್ಳಿ. ಆದ್ರೆ ಇವತ್ತಲ್ಲ, ಮಂಗಳವಾರ ಸಂಜೆ ಅವನ ತೊಟ್ಟಿಗೆ ಯಾರನ್ನಾದ್ರೂ ಕಳ್ಸಿ. ತಂದ್ಮೇಲೆ ಚಪ್ಪಟೆಯಾಗಿ ಮಲಗಿಸಿ, ಮೇಲೊಂದು ಹಲಗೆ, ಹಲಗೆ ಮೇಲೆ ಭಾರದ ಕಲ್ಲು. ಇಲ್ದಿದ್ರೆ ಚಿಪ್ಪು ಬಿಟ್ಕೊಳ್ತವೆ."

"ನಿನ್ನವಕ್ಕೆ ಕಲ್ಲು ಬೇಕಿರಲಿಲ್ಲ."

"ಬೇಕಿರಲಿಲ್ಲ."

ಮದಾಂ ತಿಫೇನ್ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನಿಂತರು. ಕೋಳಿ ವ್ಯಾನಿನವನು ಒಂದು ಕೋಳಿ ಸುತ್ತಿ ಮದಾಂ ತಿಫೇನ್‌ರ ಬುಟ್ಟಿಗೆ ಹಾಕಿದ. ಅವರು ಅಲ್ಲಿ ನಿಂತದ್ದು ಕೋಳಿಗೇ ಎಂದು ಅವನು ತಿಳಿದಿದ್ದ. ಅವರು ಬೇಡವೆನ್ನಲಿಲ್ಲ.

ಹನ್ನೆರಡೂವರೆಗೆ ಸಂತೆ ಮುಗಿಯುವ ಗಂಟೆ ಹೊಡೆಯುವ ಮೊದಲೇ ರೆಜೀನ್ ಮೇಜು ಮಡಿಸಿದಳು. ತೊಟ್ಟಿಯಲ್ಲಿರುವ ನಾಲ್ಕು ಸಾವಿರ ಡಜನ್ ಸಿಂಪಿಗಳನ್ನು ಈಗ ಸಮುದ್ರಕ್ಕೆ ಮರಳಿ ಒಯ್ಯುವಂತೆಯೂ ಇಲ್ಲ. ದೊಡ್ಡ ಇಳಿತ ಕಳೆದುಹೋಗಿದೆ. ಕಬ್ಬಿಣದ ಮಂಚಗಳು ನೀರಿನಡಿ ಮುಳುಗಿದ್ದು, ಮುಂದಿನ ದೊಡ್ಡ ಇಳಿತದವರೆಗೆ ಮೇಲೆ ಕಾಣಿಸುವುದಿಲ್ಲ. ಜನವರಿ ಎರಡರಂದು ಮಧ್ಯಾಹ್ನ ಎರಡು ಗಂಟೆಗೆ ನೀರು ಬೇಕಾದಷ್ಟು ದೂರ ಸರಿಯುತ್ತದೆ. ಅಂದು ಅವಳು ಚೀಲಗಳನ್ನು ಟ್ರಾಕ್ಟರಿಗೆ ಹೇರಿಕೊಂಡು ಕೊಲ್ಲಿಗೆ ಇಳಿಯುತ್ತಾಳೆ. ಒಬ್ಬಳಿಂದ ಒಂದೇ ಇಳಿತದಲ್ಲಿ ಮುಗಿಯುವ ಕೆಲಸವಲ್ಲ ಅದು. ಲುದೊವಿಕ್ ಬರುತ್ತೇನೆಂದು ಹೇಳಿದ್ದಾನೆ.